ಪತ್ರಿಕೆಯೊಳಗೆ ಬಂದ ಶಾಸಕರ ವರದಿ ಪುಸ್ತಿಕೆ

ಕಳೆದ ವಾರ ಬೆಳಗಿನ ಪತ್ರಿಕೆಯ ಮಡಿಕೆಯೊಳಗೆ ನಮ್ಮ ಕ್ಷೇತ್ರದ ಶಾಸಕರ ವರ್ಷದ ವರದಿ ಪುಸ್ತಿಕೆ ಬಂದಿತ್ತು. ಮಂಡ್ಯ ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳಲ್ಲಿ ನಮ್ಮದು ಯಾವುದೆಂಬುದಾಗಲಿ, ಶಾಸಕರ ಹೆಸರಾಗಲಿ ಇಲ್ಲಿ ಬೇಡ; ನಾನು ತೂಗಿ ನೋಡುತ್ತಿರುವುದು ಪುಸ್ತಿಕೆಯನ್ನು. 24 ಪುಟ, ನುಣುಪು ಕಾಗದ, ಬಣ್ಣದ ಮುದ್ರಣ. ಅಕ್ಷರಗಳು ದೊಡ್ಡದಾಗಿರುವುದರಿಂದ ನನ್ನಂಥ ನಿವೃತ್ತ ಮೇಷ್ಟ್ರು ಕನ್ನಡಕ ಹುಡುಕದೆ ಓದಬಹುದು.

ಮೊದಲ ಒಂಬತ್ತು ಪುಟಗಳನ್ನು ಬೇಗ ಮಗುಚಿದರೆ ನಷ್ಟವಿಲ್ಲ. ಗುದ್ದಲಿ ಪೂಜೆ, ಶಂಕುಸ್ಥಾಪನೆ, ಮತ್ತೆ ಗುದ್ದಲಿ ಪೂಜೆ. ನಡುವೆ ಎರಡು ಪುಟ ಹರಡಿಕೊಂಡು 124.80 ಅಡಿ ತುಂಬಿದ ಕನ್ನಂಬಾಡಿ ಕಟ್ಟೆಗೆ ಬಾಗಿನ ಅರ್ಪಿಸುವ ಚಿತ್ರವಿದ್ದು, ಅದರಲ್ಲಿ ನಮ್ಮ ಶಾಸಕರು ಮೂರನೆಯ ಸಾಲಿನಲ್ಲಿ ಕತ್ತು ಚಾಚಿ ನಿಂತಿದ್ದಾರೆ. ವರ್ಷಕ್ಕೆ 2 ಕೋಟಿ ರೂಪಾಯಿಯ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ಕೈಗೊಂಡ ಕಾಮಗಾರಿಗಳ ಪಟ್ಟಿ ಇದೆಯಾದರೂ, ಯಾವುದು ಶಿಫಾರಸಿನ ಹಂತದಲ್ಲಿದೆ, ಯಾವುದಕ್ಕೆ ಮಂಜೂರಾತಿ ಸಿಕ್ಕಿದೆ, ಯಾವುದು ಮುಗಿದಿದೆ ಎಂಬುದನ್ನು ಬೇರ್ಪಡಿಸದೆ ಎಲ್ಲದರ ಮುಂದೆಯೂ ‘ಪ್ರಗತಿಯಲ್ಲಿದೆ’ ಎಂದು ಅಚ್ಚು ಹಾಕಿರುವುದರಿಂದ ಅದು ಓದುವವನಿಗೆ ಯಾವ ಲೆಕ್ಕವನ್ನೂ ಒಪ್ಪಿಸುವುದಿಲ್ಲ.

ಕಬ್ಬಿನ ಪುಟದಲ್ಲಿ ಇನ್ನೂ ದೊಡ್ಡ ತೊಡಕಿದೆ. ‘ನಮ್ಮ ಹೋರಾಟದಿಂದ ಹೆಚ್ಚಿದ ದರ’ ಎಂಬ ತಲೆಬರಹದ ಕೆಳಗೆ, 2025-26ನೇ ಸಾಲಿಗೆ ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ ಎಂಬ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ಬೆಲೆ) ದರವನ್ನು ಕೊಡಲಾಗಿದೆ. ಆ ದರವನ್ನು ನಿಗದಿ ಮಾಡುವುದು ಕೇಂದ್ರ ಸರ್ಕಾರ. ಸರಬರಾಜಾದ 14 ದಿನಗಳೊಳಗೆ ಕಾರ್ಖಾನೆ ಹಣ ಪಾವತಿಸಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ನಮ್ಮ ಕಡೆಯ ರೈತರಿಗೆ ಆ ಗಡುವಿನಲ್ಲಿ ಹಣ ಬಂತೇ, ಕಟಾವು ಮತ್ತು ಸಾಗಣೆಯ ಹೆಸರಿನಲ್ಲಿ ಟನ್ನಿಗೆ ಎಷ್ಟು ಮುರಿದುಕೊಂಡರು ಎಂಬುದರ ಬಗ್ಗೆ ಒಂದು ಸಾಲು ಬರೆದಿದ್ದರೂ ಪುಟ ಸಾರ್ಥಕವಾಗುತ್ತಿತ್ತು.

ಹದಿನಾಲ್ಕನೆಯ ಪುಟದಿಂದ ಪುಸ್ತಿಕೆಯ ಬಣ್ಣ ಬದಲಾಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗಕ್ಕೆ ಕಟ್ಟು ನೀರು, ಅಂದರೆ ಸರದಿಯಂತೆ ಬಿಡುವ ನೀರು, ಸರಿಯಾಗಿ ತಲುಪದಿರುವುದರ ಬಗ್ಗೆ ತಾವು ವಿಧಾನಸಭೆಯಲ್ಲಿ ಕೇಳಿದ ಚುಕ್ಕೆ ಗುರುತಿನ (ಸದನದಲ್ಲಿ ಮೌಖಿಕ ಉತ್ತರ ಬಯಸುವ) ಪ್ರಶ್ನೆಯನ್ನೂ ಅದಕ್ಕೆ ಬಂದ ಉತ್ತರವನ್ನೂ ಶಾಸಕರು ಒಂದಕ್ಷರ ಬಿಡದೆ ಅಚ್ಚು ಹಾಕಿಸಿದ್ದಾರೆ. ಉತ್ತರದ ಕೊನೆಯಲ್ಲಿ ‘ಪ್ರಸ್ತಾವನೆಯು ಪರಿಶೀಲನೆಯಲ್ಲಿದೆ’ ಎಂದಿದೆ. ಇದನ್ನು ಮುಚ್ಚಿಡಬಹುದಾಗಿದ್ದರೂ ಮುಚ್ಚಿಡದ ಪ್ರಾಮಾಣಿಕತೆ ನನಗೆ ಹಿಡಿಸಿತು. ಚರಂಡಿ, ಬೀದಿ ದೀಪ ನೋಡಿಕೊಳ್ಳಲು ಪಂಚಾಯಿತಿ ಇದೆ. ಸದನದಲ್ಲಿ ಎದ್ದು ನಿಂತು ಕೇಳುವ ಕೆಲಸಕ್ಕೆ ಇವರೊಬ್ಬರೇ. ಅಂಥ ಕೆಲಸಕ್ಕೆ 24ರಲ್ಲಿ ಸಿಕ್ಕಿರುವುದು ಎರಡೇ ಪುಟ. ಹಿಂದೆ ಗದ್ದೆಗಳಿಗೆ ನಾಲೆ ನೀರು ಹಂಚುವ ನೀರುಗಂಟಿಯಾಗಿದ್ದ ನಮ್ಮ ನೆರೆಯವರಿಗೆ ಆ ಪುಟ ತೋರಿಸಿದೆ. ಅವರು ಓದಲಿಲ್ಲ, ಪಕ್ಕದ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, “ಈ ತೂಬು ನಮ್ಮದಲ್ಲ ಕಣಿ ಮೇಷ್ಟ್ರೇ, ಮೇಲ್ಗಡೆ ನಾಲೇದು. ನಮ್ಮ ತೂಬಿನ ಹಲಗೆ ಮುರಿದೋಗಿ ಎರಡೊರ್ಷ ಆಯ್ತು” ಎಂದರು.

ಕುಟುಂಬದ ಬಗ್ಗೆ ಬರೆದಿರುವ ಕೊನೆಯ ನಾಲ್ಕು ಪುಟಗಳನ್ನು ನಾನು ಅನುಮಾನದಿಂದಲೇ ತೆರೆದೆ. ಮಗಳ ಪಿಯುಸಿ ಅಂಕ, ಮದುವೆಯ ವಾರ್ಷಿಕೋತ್ಸವದ ಚಿತ್ರಗಳು ಮತದಾರರಿಗೆ ಏಕೆ ಬೇಕು ಎಂಬ ನನ್ನ ಪ್ರಶ್ನೆ ಈಗಲೂ ಉಳಿದಿದೆ. ಆದರೆ ತಾಯಿಯ ಬಗ್ಗೆ ಬರೆದಿರುವ ಒಂದು ಪುಟ ಇಡೀ ಪುಸ್ತಿಕೆಯಲ್ಲಿ ಶ್ರೇಷ್ಠವಾದದ್ದು. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುತ್ತಿದ್ದ ದಿನ ಊರಿನಲ್ಲಿ ಅವರ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರಂತೆ. ಸದನದೊಳಗೆ ಫೋನ್ ಮೌನವಾಗಿದ್ದುದರಿಂದ ಮಗನಿಗೆ ಸುದ್ದಿ ತಿಳಿಯುವ ಹೊತ್ತಿಗೆ ಪಕ್ಕದ ಮನೆಯವರು ಆಕೆಯನ್ನು ತಾಲ್ಲೂಕು ಆಸ್ಪತ್ರೆಗೆ ಒಯ್ದು, ಅಲ್ಲಿ ಮೂಳೆ ತಜ್ಞರಿಲ್ಲವೆಂದು ತಿಳಿದು, ಆಂಬುಲೆನ್ಸ್‌ನಲ್ಲಿ ಮೈಸೂರಿನ ಖಾಸಗಿ ಆಸ್ಪತ್ರೆಗೆ ಸೇರಿಸಿಯಾಗಿತ್ತಂತೆ. ‘ಅವ್ವ ನನ್ನನ್ನು ನೋಡಿದ ಕೂಡಲೇ, ಊಟ ಮಾಡಿದೆಯಾ ಎಂದು ಕೇಳಿದಳು’ ಎಂಬ ವಾಕ್ಯದಲ್ಲಿ ಭಾಷಣ ಬರೆದುಕೊಡುವವರ ಕೈವಾಡವಿಲ್ಲ.

ಇದನ್ನು ಓದಿದ ಮೇಲೆ ಆರೋಗ್ಯದ ಪುಟಕ್ಕೆ ಹಿಂದಿರುಗಿದೆ. ಅಲ್ಲಿ ಅದೇ ತಾಲ್ಲೂಕು ಆಸ್ಪತ್ರೆಗೆ ಸುಣ್ಣ ಬಣ್ಣ ಹೊಡೆಸಿದ್ದು, ಹೊಸ ನಾಮಫಲಕ ಹಾಕಿಸಿದ್ದು, ಹೊರರೋಗಿ ವಿಭಾಗಕ್ಕೆ ಇಪ್ಪತ್ತು ಕುರ್ಚಿ ಕೊಡಿಸಿದ್ದು ಎಲ್ಲವೂ ಇದೆ. ಮೂಳೆ ತಜ್ಞರ ಖಾಲಿ ಹುದ್ದೆಯ ಬಗ್ಗೆ ಅಲ್ಲಿ ಒಂದು ಪದವಿಲ್ಲ. ಪ್ರಶ್ನೋತ್ತರದ ಪುಟಗಳಲ್ಲೂ ಇಲ್ಲ. ತಾಯಿಯನ್ನು ಅಲ್ಲಿಂದ ಮೈಸೂರಿಗೆ ಕಳಿಸಿದ್ದನ್ನು ಹನ್ನೆರಡು ಪುಟಗಳಾಚೆ ಸ್ವತಃ ಬರೆದವರಿಗೆ ಇವೆರಡೂ ಒಂದೇ ಸಂಗತಿ ಎಂದು ಹೊಳೆಯದೆ ಹೋದದ್ದು ಹೇಗೋ!

ಹಿಂಬದಿ ರಕ್ಷಾಪುಟದಲ್ಲಿ ‘ನಿಮ್ಮ ಅಭಿಪ್ರಾಯ ತಿಳಿಸಿ’ ಎಂದು ಕಚೇರಿಯ ಸಂಖ್ಯೆ ಕೊಟ್ಟಿದ್ದರು. ಕರೆ ಮಾಡಿದೆ. ಎರಡನೆಯ ರಿಂಗಿಗೇ ಆಪ್ತ ಸಹಾಯಕರು ಎತ್ತಿಕೊಂಡದ್ದನ್ನು ಮೆಚ್ಚಲೇಬೇಕು. ಖಾಲಿ ಹುದ್ದೆಯ ವಿಷಯವನ್ನು ನಾನು ನಿಧಾನವಾಗಿ ವಿವರಿಸಿ ಮುಗಿಸುವವರೆಗೂ ಅವರು ಅಡ್ಡ ಬರಲಿಲ್ಲ.

“ಬರ್ಕೊಂಡೆ ಸಾರ್,” ಎಂದರು. “ತಮ್ಮದು ಯಾವ ಬೂತು?”