ಊಟದ ಒಂದು ಗಂಟೆ ಇದ್ದಿದ್ದು ಕಾಗದದಲ್ಲಿ ಮಾತ್ರ: ಬಟ್ಟೆ ಅಂಗಡಿ ಕೆಲಸಕ್ಕೆ ಸೇರುವವರು ಓದಿ

ಮೈಸೂರಿನ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಹದಿನಾಲ್ಕು ತಿಂಗಳು ಸೀರೆ ಕೌಂಟರ್‌ನಲ್ಲಿ ನಿಂತಿದ್ದೆ. ಅಂಗಡಿ ಹೆಸರು ಬರೆಯುವುದಿಲ್ಲ. ಈ ಆಟ ಅಲ್ಲೊಂದೇ ಕಡೆ ನಡೆಯುವುದಲ್ಲ, ಬೇರೆ ಅಂಗಡಿಗಳಲ್ಲಿರುವ ನನ್ನ ಗೆಳತಿಯರೂ ಇದೇ ಕಥೆ ಹೇಳುತ್ತಾರೆ. ಹಬ್ಬದ ಸೀಸನ್ ಬಂತೆಂದರೆ ಅಂಗಡಿಗಳ ಮುಂದೆ 'ಸೇಲ್ಸ್ ಗರ್ಲ್ಸ್ ಬೇಕಾಗಿದ್ದಾರೆ' ಬೋರ್ಡ್ ಬೀಳುತ್ತದೆ. ಅದನ್ನು ನೋಡಿ ಒಳಗೆ ಹೋಗುವ ಮುಂಚೆ ಇದನ್ನೊಮ್ಮೆ ಓದಿಬಿಡಿ.

ಸೇರುವಾಗ ಹೇಳಿದ್ದು ಬೆಳಿಗ್ಗೆ 10ರಿಂದ ರಾತ್ರಿ 9, ತಿಂಗಳಿಗೆ 15,600 ರೂಪಾಯಿ, ವಾರಕ್ಕೊಂದು ರಜೆ. "ಹನ್ನೊಂದು ಗಂಟೆ ಆಯ್ತಲ್ಲ ಸರ್?" ಅಂದೆ. "ಇಲ್ಲಮ್ಮ, ಊಟಕ್ಕೆ ಒಂದು ಗಂಟೆ, ಸಂಜೆ ಟೀಗೆ, ರೆಸ್ಟಿಗೆ ಇನ್ನೊಂದು ಗಂಟೆ. ಕಳೆದರೆ ಒಂಬತ್ತೇ" ಅಂದರು ಫ್ಲೋರ್ ಮ್ಯಾನೇಜರ್. ದಿನಕ್ಕೆ ಎರಡು ಗಂಟೆ ರೆಸ್ಟು! ನನಗಂತೂ ಖುಷಿಯೇ ಆಯಿತು. ಅನುಮಾನ ಬರಬೇಕಿದ್ದದ್ದು ಅವತ್ತೇ.

ಊಟಕ್ಕೆ ಬಿಡುತ್ತಿದ್ದದ್ದು ನಾಲ್ಕು ನಾಲ್ಕು ಜನರನ್ನು, ಇಪ್ಪತ್ತು ನಿಮಿಷ. ಟೀ ಕೌಂಟರ್‌ಗೇ ಬರುತ್ತಿತ್ತು, ಐದು ನಿಮಿಷದಲ್ಲಿ ನಿಂತೇ ಕುಡಿಯಬೇಕು. ಊಟದ ಜಾಗ ಅಂದರೆ ಮೆಟ್ಟಿಲ ಕೆಳಗಿನ ಗೋಡೌನ್. ಖಾಲಿ ರಟ್ಟಿನ ಡಬ್ಬಗಳ ನಡುವೆ ಲಂಗದ ಬಂಡಲ್ ಮೇಲೆ ಕೂತು ತಿನ್ನುವುದು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಒಂದು ದಿನ ನನ್ನ ಸರದಿ ಬಂದಾಗ ಗಂಟೆ 3.40. ಅಮ್ಮ ಚಿತ್ರಾನ್ನ ಕಟ್ಟಿದ್ದರು. ಎರಡನೇ ತುತ್ತು ಬಾಯಿಗೆ ಇಡುವಷ್ಟರಲ್ಲಿ ಮೈಕಿನಲ್ಲಿ "ಸಿಲ್ಕ್ ಕೌಂಟರ್, ಬೇಗ ಬನ್ನಿ" ಅಂತ ಕೂಗಿದರು. ಎದ್ದು ಕೈ ತೊಳೆದೆ. ಅರಿಶಿನದ ಕಲೆ ಬೆರಳಿಂದ ಅಷ್ಟು ಸುಲಭಕ್ಕೆ ಹೋಗುತ್ತದಾ? ಕ್ರೀಮ್ ಬಣ್ಣದ ರೇಷ್ಮೆ ಸೀರೆ ಮುಟ್ಟುವ ಮುಂಚೆ ಸರ್ ನನ್ನ ಬೆರಳು ನೋಡಿ, ಗಿರಾಕಿ ಎದುರಿಗೇ ಬೈದರು. ಆಮೇಲೆ ನಾನು ಚಿತ್ರಾನ್ನ ತರುವುದನ್ನೇ ಬಿಟ್ಟೆ. ಬರೀ ಮೊಸರನ್ನ, ಅದೂ ಚಮಚದಲ್ಲಿ. ಸೀನಿಯರ್ ಅಕ್ಕಂದಿರೆಲ್ಲ ದಿನಾ ಯಾಕೆ ಮೊಸರನ್ನವನ್ನೇ ತರುತ್ತಾರೆ ಅಂತ ನನಗೆ ಗೊತ್ತಾದದ್ದು ಆಗ.

ಇಷ್ಟನ್ನು ಬೇಕಾದರೆ ಸಹಿಸಿಕೊಳ್ಳಬಹುದಿತ್ತು. ನಿಜವಾದ ಮೋಸ ಇದ್ದದ್ದು ಮಿಷನ್ನಿನಲ್ಲಿ. ಹೆಬ್ಬೆಟ್ಟು ಒತ್ತುವುದು ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ. ಮಧ್ಯದ ಎರಡು ಗಂಟೆ ಅದರಷ್ಟಕ್ಕೆ ಅದೇ ಕಳೆದುಹೋಗುತ್ತಿತ್ತು. ನೀವು ಊಟ ಮಾಡಿದರೂ ಅಷ್ಟೇ, ಮಾಡದಿದ್ದರೂ ಅಷ್ಟೇ. ತಿಂಗಳ ಕೊನೆಗೆ ಒಂದು ಶೀಟ್ ಬರುತ್ತಿತ್ತು. ದಿನಾಂಕದ ಮುಂದೆ ಸಾಲಾಗಿ 'ವಿಶ್ರಾಂತಿ 2 ಗಂಟೆ' ಅಂತ ಮೊದಲೇ ಪ್ರಿಂಟ್ ಆಗಿರುತ್ತಿತ್ತು. ಸಹಿ ಹಾಕಿದರೆ ಸಂಬಳ. ಹದಿನಾಲ್ಕು ತಿಂಗಳು, ಹದಿನಾಲ್ಕು ಸಹಿ. ಒಂದು ಸಲವೂ ಓದಲಿಲ್ಲ. ಇದರಲ್ಲಿ ತಪ್ಪು ನನ್ನದೂ ಇದೆ.

ಬಾತ್‌ರೂಮಿಗೆ ಹೋಗಲೂ ಕೇಳಬೇಕಾಗಿದ್ದರಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೆ. ಎರಡು ಸಲ ಉರಿಮೂತ್ರ ಆಯಿತು. ಎರಡನೇ ಸಲ ಡಾಕ್ಟರಮ್ಮ "ದಿನಕ್ಕೆ ಎಷ್ಟು ನೀರು ಕುಡೀತೀಯ?" ಅಂತ ಕೇಳಿದಾಗ ಅಮ್ಮನ ಮುಂದೆ ಸುಳ್ಳು ಹೇಳಿದೆ. ಮುಂದಿನ ತಿಂಗಳೇ ಕೆಲಸ ಬಿಟ್ಟೆ.

ಬಿಟ್ಟ ಮೇಲೆ ಓದಿಕೊಂಡದ್ದು ಇದು. ಕರ್ನಾಟಕದಲ್ಲಿ ಅಂಗಡಿಗಳಿಗೆ 1961ರ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಒಂದೇ ಸಮನೆ 5 ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ, ಅಷ್ಟರೊಳಗೆ ಕನಿಷ್ಠ ಒಂದು ಗಂಟೆ ಬಿಡುವು ಕೊಡಬೇಕು. ಅಂದರೆ 10ಕ್ಕೆ ಬಂದವಳಿಗೆ ಮಧ್ಯಾಹ್ನ 3ರೊಳಗೆ ಊಟಕ್ಕೆ ಬಿಡಲೇಬೇಕಿತ್ತು. ಊಟದ ಗಂಟೆಗೂ ಸಂಬಳ ಕೊಡಿ ಅಂತ ಕಾಯ್ದೆ ಹೇಳುವುದಿಲ್ಲ, ನಿಜ. ಬಿಡುವು ಕೆಲಸದ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅದು ಬಿಡುವೇ ಆಗಿರಬೇಕು ತಾನೇ? ಮೈಕಿನಲ್ಲಿ ಕೂಗಿದಾಗ ಓಡಬೇಕು ಅಂದರೆ ಅದು ಕೆಲಸವೇ, ಕೈಯಲ್ಲಿ ಅನ್ನ ಇದ್ದರೂ.

ಹೆಚ್ಚಿಗೆ ದುಡಿದ ಹೊತ್ತಿಗೆ ಡಬಲ್ ಸಂಬಳ ಕೊಡಬೇಕು ಅಂತಲೂ ಇದೆ. ಒಂದು ರಾತ್ರಿ ಕೂತು, ಕೊಡದ ಬಿಡುವಿನದ್ದಷ್ಟೇ ಲೆಕ್ಕ ಹಾಕಿದೆ. ಕಳೆದದ್ದು 120 ನಿಮಿಷ, ಕೊಟ್ಟದ್ದು 25. ದಿನಕ್ಕೆ 95 ನಿಮಿಷ, 26 ದಿನಕ್ಕೆ 41 ಗಂಟೆ. ನನ್ನ ದಿನದ ಸಂಬಳ 600, ಗಂಟೆಗೆ ಸುಮಾರು 67, ಡಬಲ್ ಅಂದರೆ 133. ತಿಂಗಳಿಗೆ 5,400 ರೂಪಾಯಿ ಚಿಲ್ಲರೆ! ಇದು ಗೊತ್ತಾದಾಗ ಅಳು ಬರಲಿಲ್ಲ, ನನ್ನ ಮೇಲೇ ಸಿಟ್ಟು ಬಂತು. ಇನ್ನೊಂದು ವಿಷಯ. ಮೂರು ತಿಂಗಳಿಗೆ 50 ಗಂಟೆಗಿಂತ ಜಾಸ್ತಿ ಓವರ್‌ಟೈಮ್ ಮಾಡಿಸುವಂತೆಯೇ ಇಲ್ಲ. ಬರೀ ಬಿಡುವಿನ ಲೆಕ್ಕದಲ್ಲೇ ನಮ್ಮದು ಒಂದೂಕಾಲು ತಿಂಗಳಿಗೇ ಮುಗಿದುಹೋಗುತ್ತಿತ್ತು.

ಕಾರ್ಮಿಕ ಇಲಾಖೆ ಆಫೀಸಿಗೆ ಹೋದೆ. ಅಲ್ಲಿನವರು ಒರಟಾಗೇನೂ ಮಾತಾಡಲಿಲ್ಲ. "ನೇಮಕದ ಆದೇಶ ಇದೆಯಾ? ಸಂಬಳದ ಚೀಟಿ? ಬಿಡುವು ಕೊಟ್ಟಿಲ್ಲ ಅನ್ನೋದಕ್ಕೆ ಏನಾದರೂ?" ಅಂತ ಕೇಳಿದರು. ಒಂದೂ ಇರಲಿಲ್ಲ. ಡ್ಯೂಟಿ ಹೊತ್ತಿನಲ್ಲಿ ಫೋನ್ ಲಾಕರ್‌ನಲ್ಲಿ ಇಡಿಸುತ್ತಿದ್ದರು, ಒಂದು ಫೋಟೋ ಕೂಡ ಇಲ್ಲ. ಅಂಗಡಿಯವರ ಕೈಯಲ್ಲಿ ಮಾತ್ರ ನನ್ನದೇ ಹದಿನಾಲ್ಕು ಸಹಿ ಇದ್ದವು.

ನನ್ನ ಜೊತೆ ಬ್ಲೌಸ್ ಪೀಸ್ ಕೌಂಟರ್‌ನಲ್ಲಿದ್ದ ಒಬ್ಬರು ಅಕ್ಕ ನನಗಿಂತ ಜಾಣೆ. ಮನೆಯ ಗೋಡೆ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಕೆಳಗೆ ದಿನಾ ಊಟದ ಹೊತ್ತು ಬರೆದಿಡುತ್ತಿದ್ದರು. '2.50–3.10', 'ಊಟ ಇಲ್ಲ', 'ಮಧ್ಯ ಕರೆದರು', ಹೀಗೆ. ಅವರು ಆ ಕ್ಯಾಲೆಂಡರ್ ಹಾಳೆಗಳನ್ನೇ ಹಿಡಿದುಕೊಂಡು ಇಲಾಖೆಗೆ ಹೋದಾಗ ಅಲ್ಲಿನವರು ಅಂಗಡಿಯವರನ್ನು ಕರೆಸಿದರು. ಪೂರ್ತಿ ಸಿಗಲಿಲ್ಲ, ಆದರೆ ಮಾತುಕತೆ ಮಾಡಿ ಒಂದಿಷ್ಟು ದುಡ್ಡು ಕೊಟ್ಟರು. ನನಗೆ ಸೊನ್ನೆ.

ಕೆಲಸದ ಹೊತ್ತಿನಲ್ಲಿ ಕೂರುವ ವಿಷಯಕ್ಕೂ ಹೀಗೆಯೇ. ಕೇರಳದಲ್ಲಿ ಬಟ್ಟೆ ಅಂಗಡಿ ಹೆಂಗಸರು ಹೋರಾಡಿ 2018ರಲ್ಲಿ ಕೂರುವ ಹಕ್ಕನ್ನು ಕಾಯ್ದೆಗೇ ಸೇರಿಸಿಕೊಂಡರು. 2021ರಲ್ಲಿ ತಮಿಳುನಾಡೂ ಸೇರಿಸಿತು. ನಮ್ಮ ಅಂಗಡಿಯಲ್ಲಿ ಸ್ಟೂಲ್ ಇದ್ದದ್ದು ಗಿರಾಕಿಗಳ ಜೊತೆ ಬರುವ ಗಂಡಂದಿರಿಗೆ ಮಾತ್ರ.

ಈಗ ಸೇರುವವರಿದ್ದರೆ ನೇಮಕದ ಆದೇಶ ಕೇಳಿ ತೆಗೆದುಕೊಳ್ಳಿ, ಅದನ್ನು ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ. ಅದರಲ್ಲಿ ಬಿಡುವು ಎಷ್ಟು ಹೊತ್ತು, ಎಷ್ಟರಿಂದ ಎಷ್ಟಕ್ಕೆ ಅಂತ ನೋಡಿ. 'ಎರಡು ಗಂಟೆ ವಿಶ್ರಾಂತಿ' ಕಂಡರೆ ಹುಷಾರು. ಶೀಟ್‌ಗೆ ಸಹಿ ಹಾಕಲೇಬೇಕಾಗಿ ಬಂದರೆ ಪಕ್ಕದಲ್ಲಿ ನಿಜವಾದ ಹೊತ್ತನ್ನು ಬರೆದೇ ಹಾಕಿ. ಇಂಟರ್‌ವ್ಯೂನಲ್ಲಿ ಇದೊಂದನ್ನು ಮರೆಯದೆ ಕೇಳಿ: "ಸರ್, ನಾನು ಊಟಕ್ಕೆ ಹೋದಾಗ ನನ್ನ ಕೌಂಟರ್ ಯಾರು ನೋಡ್ಕೊಳ್ತಾರೆ?" ಒಬ್ಬರ ಹೆಸರು ಹೇಳಿದರೆ ಸರಿ. "ಅದೆಲ್ಲ ಅಡ್ಜಸ್ಟ್ ಮಾಡ್ಕೋಬೇಕಮ್ಮ" ಅಂದರೆ, ಬ್ಯಾಗ್ ತಗೊಂಡು ಎದ್ದು ಬನ್ನಿ.