ಮಕ್ಕಳಿಗೆ ಕೋಡಿಂಗ್ ಕಲಿಸಲು ಪಿ5.ಜೆಎಸ್: ತುಂಬಾ ದಿನ ಬಳಸಿದ ಮೇಲೆ

ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ಹೈಸ್ಕೂಲ್ ಮಕ್ಕಳಿಗೆ ಕೋಡಿಂಗ್ ಹೇಳಿಕೊಡುತ್ತೇನೆ. ಇರುವುದು ಒಂದು ಹಳೆಯ ಲ್ಯಾಪ್‌ಟಾಪ್. ಸಾಫ್ಟ್‌ವೇರ್‌ಗೆ ದುಡ್ಡು ಹಾಕುವ ಮಾತೇ ಇಲ್ಲ. ಪಿ5.ಜೆಎಸ್ ಅಂದರೆ ಕೋಡ್ ಬರೆದು ಚಿತ್ರ ಬಿಡಿಸುವ ಸಾಧನ. ಉಚಿತ, ಬ್ರೌಸರ್‌ನಲ್ಲೇ ಓಡುತ್ತದೆ. ಕಲಾವಿದರಿಗಾಗಿ ಕೇಸಿ ರಿಯಾಸ್ ಮತ್ತು ಬೆನ್ ಫ್ರೈ 2001ರಲ್ಲಿ ಶುರು ಮಾಡಿದ ಇಂಥದ್ದೇ ಸಾಧನವಾದ ಪ್ರೊಸೆಸಿಂಗ್‌ನ ತಂಗಿ ಇದು.

ನನಗೆ ತುಂಬಾ ಇಷ್ಟವಾಗುವುದು ರನ್ ಒತ್ತುವ ಮುಂಚಿನ ಒಂದು ನಿಮಿಷ. 400ಕ್ಕೆ 400ರ ಬೂದು ಚೌಕ, ಅದರಲ್ಲಿ ಒಂದು ವೃತ್ತ. ವೈ ಬೆಲೆ ಹೆಚ್ಚಿಸಿದರೆ ವೃತ್ತ ಎಲ್ಲಿಗೆ ಹೋಗುತ್ತದೆ ಅಂತ ಕೇಳುತ್ತೇನೆ. ಶಾಲೆಯಲ್ಲಿ ಗ್ರಾಫ್ ಹಾಕಿದವರಲ್ವಾ, ಎಲ್ಲರೂ "ಮೇಲಕ್ಕೆ" ಅನ್ನುತ್ತಾರೆ. ಅದು ಕೆಳಗಿಳಿಯುತ್ತದೆ! ಇಲ್ಲಿ ಸೊನ್ನೆ ಇರುವುದು ಎಡಗಡೆ ಮೇಲಿನ ಮೂಲೆಯಲ್ಲಿ ಅನ್ನುವುದನ್ನು ಆಮೇಲೆ ಯಾರೂ ಮರೆಯುವುದಿಲ್ಲ. ಬಣ್ಣಕ್ಕೆ ಪ್ರತಿ ಸಲ ಯಾವುದೋ ಒಂದು ಸಂಖ್ಯೆ ಕೊಡುವ ರ‍್ಯಾಂಡಮ್ ಹಾಕಿದ ದಿನವಂತೂ "ಅಕ್ಕಾ, ಇದ್ಯಾಕೆ ಹೀಗೆ ಮಿಣುಕ್ತಿದೆ?" ಅಂತ ಗಲಾಟೆ. ಚಿತ್ರ ಬಿಡಿಸುವ ಕೋಡ್ ಇರುವ ಡ್ರಾ ಅನ್ನುವ ಭಾಗದೊಳಗಿನ ಸಾಲುಗಳು ಸೆಕೆಂಡಿಗೆ ಸುಮಾರು 60 ಸಲ ಓಡುತ್ತವೆ ಅಂತ ಹೇಳಲು ಅದಕ್ಕಿಂತ ಒಳ್ಳೆ ಹೊತ್ತು ಸಿಗದು.

ಆದರೆ ಬರಬರುತ್ತಾ ಒಂದು ವಿಷಯ ನನ್ನನ್ನು ಕಾಡತೊಡಗಿತು. ಚಿತ್ರ ಎಲ್ಲ ತಪ್ಪನ್ನೂ ಕ್ಷಮಿಸಿಬಿಡುತ್ತದೆ. ನೇರ ಸಾಲು ಬರಬೇಕಿದ್ದ ಕಡೆ ಓರೆಯಾಗಿ ಬಂದರೆ "ಹೀಗೇ ಚೆನ್ನಾಗಿದೆ" ಅಂತ ಹುಡುಗರು ಎದ್ದುಬಿಡುತ್ತಾರೆ. ಲೆಕ್ಕದ ಪ್ರೋಗ್ರಾಂನಲ್ಲಿ ತಪ್ಪು ಉತ್ತರ ಬಂದರೆ ಹಾಗೆ ಬಿಡೋಕಾಗಲ್ಲ. ಬೇರೆಯವರ ಕೋಡ್ ತಂದು ಸುಮ್ನೆ ನಾಲ್ಕು ಸಂಖ್ಯೆ ಬದಲಿಸಿದರೂ ಚಂದದ ಚಿತ್ರ ಬರುತ್ತದೆ. ಯಾವ ಸಾಲು ಏನು ಮಾಡುತ್ತಿದೆ ಅಂತ ಕೇಳಿದರೆ ಮಾತಿಲ್ಲ.

ಹಾಗಾಗಿ ಈಗ ಬೇಕಾದ್ದು ಬಿಡಿಸಿ ಅನ್ನುವುದಿಲ್ಲ. ರಂಗೋಲಿಯ ಸಂದು ಚುಕ್ಕಿ ಇಡಿಸುತ್ತೇನೆ, 7ರಿಂದ 4. ನಡುವಿನ ಸಾಲಿಗೆ 7, ಅದರ ಮೇಲೂ ಕೆಳಗೂ 6, 5, 4. ಒಟ್ಟು 37 ಚುಕ್ಕಿ. ಒಂದು ಲೂಪ್‌ನೊಳಗೆ ಇನ್ನೊಂದು ಲೂಪ್ ಬೇಕು (ಲೂಪ್ ಅಂದರೆ ಅದೇ ಸಾಲುಗಳನ್ನು ಮತ್ತೆ ಮತ್ತೆ ಓಡಿಸುವುದು). ಒಳಗಿನದು ಎಷ್ಟು ಸಲ ಓಡಬೇಕು ಅನ್ನುವುದು ಹೊರಗಿನದರ ಮೇಲೆ ನಿಂತಿದೆ. ಪ್ರತಿ ಸಾಲೂ ಅರ್ಧ ಅಂತರ ಸರಿದು ಶುರುವಾಗಬೇಕು. ಈ ಅರ್ಧ ಮರೆತರೆ ಚುಕ್ಕಿ ಸಂದಿಗೆ ಬೀಳುವುದಿಲ್ಲ. ಹಬ್ಬದ ದಿನ ಅಂಗಳದಲ್ಲಿ ರಂಗೋಲಿ ಹಾಕಿದ ಹುಡುಗಿಯರಿಗೆ ಅದು ದೂರದಿಂದಲೇ ಕಾಣುತ್ತದೆ. ತಾವಾಗಿಯೇ ಕೂತು ಸರಿಮಾಡುತ್ತಾರೆ. ಈ ಪಾಠ ಸಿಕ್ಕ ಮೇಲೆ ನನ್ನ ಬೇಸರ ಬಹಳ ಮಟ್ಟಿಗೆ ಹೋಯಿತು.

ಫೋನ್‌ನಲ್ಲಿ ಕಲಿಸುವ ಯೋಚನೆ ಇದ್ದರೆ ಬೇಡ. ಆವರಣ ಚಿಹ್ನೆ ಹುಡುಕುವುದರಲ್ಲೇ ಮಕ್ಕಳು ಸುಸ್ತಾಗುತ್ತಾರೆ. ಲ್ಯಾಪ್‌ಟಾಪ್ ಇದ್ದು, ಪಕ್ಕದಲ್ಲಿ ಕೂರುವವರೊಬ್ಬರು ಇದ್ದರೆ ಧೈರ್ಯವಾಗಿ ಶುರು ಮಾಡಿ. ಚುಕ್ಕಿ ಸುತ್ತ ಎಳೆ ಎಳೆಯಲು ಆರ್ಕ್, ಅಂದರೆ ಕಮಾನು ಬಿಡಿಸುವ ಆಜ್ಞೆ, ಬೇಕಾಗುತ್ತದೆ. ಅದರ ಕೋನ ಡಿಗ್ರಿ ಬದಲು ರೇಡಿಯನ್ ಅನ್ನುವ ಇನ್ನೊಂದು ಅಳತೆ‌ನಲ್ಲಿರುತ್ತದೆ, ಎಂಟನೇ ಕ್ಲಾಸಿನವರಿಗೆ ರೇಡಿಯನ್ ಗೊತ್ತಿರುವುದಿಲ್ಲ. ಶುರುವಿನಲ್ಲಿ ಒಂದೇ ಸಲ ಓಡುವ ಸೆಟಪ್ ಭಾಗ‌ನಲ್ಲೇ ಆ್ಯಂಗಲ್‌ಮೋಡ್ ಅನ್ನು ಡಿಗ್ರಿಗೆ ಬದಲಿಸಿಡಿ.