ಎಚ್‌ಎಂಟಿ 2511: ಎಳೆಯೋದರಲ್ಲಿ ಗಟ್ಟಿ, ಇಳುಕಲಲ್ಲಿ ಜೋಪಾನ

ಹೊಸನಗರದ ಕಡೆ ಗುಡ್ಡದ ಮೇಲಿನ ಮನೆ ನಮ್ಮದು. ಎಚ್‌ಎಂಟಿ 2511 ಟ್ರ್ಯಾಕ್ಟರ್ ಮಾವನವರ ಕಾಲದ್ದು, ಈಗ ಓಡಿಸೋದು ನಾನು. ಹೆಂಗಸು ಟ್ರ್ಯಾಕ್ಟರ್ ಓಡಿಸ್ತಾಳೆ ಅಂತ ಪೇಟೇಲಿ ತಿರುಗಿ ನೋಡೋರು ನೋಡ್ಲಿ.

ವಾಚು ಮಾಡ್ತಿದ್ದ ಎಚ್‌ಎಂಟಿಯೇ 1971ರಲ್ಲಿ ಜೆಕೊಸ್ಲೊವಾಕಿಯಾದ ಜೀಟರ್ ಕಂಪನಿಯ ತಂತ್ರಜ್ಞಾನ ತಂದು ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಶುರುಮಾಡಿದ್ದು. ನಮ್ಮ 2511ಕ್ಕೆ ಎರಡು ಸಿಲಿಂಡರ್, 25 ಎಚ್‌ಪಿ. ಗೊಬ್ಬರ, ಸೊಪ್ಪು, ಅಡಿಕೆ ಮೂಟೆ ಏನು ತುಂಬಿದ್ರೂ ಲೋ ಗೇರಲ್ಲಿ ಟಕಟಕ ಅಂತ ಏರು ಹತ್ತಿಬಿಡ್ತದೆ. ಮೋಸ ಹೋಗೋದು ಅಲ್ಲೇ. ಹತ್ತಿಸಿದ ಭಾರವನ್ನೆಲ್ಲ ಇಳಿಸೋಕಾಗ್ತದೆ ಅಂತಿಲ್ಲ.

ಟ್ರ್ಯಾಕ್ಟರಿನ ತೂಕ ಎರಡು ಟನ್ನಿಗೂ ಕಮ್ಮಿ, ನಮ್ಮ ಟ್ರೇಲರಿಗೆ ಬ್ರೇಕ್ ಇಲ್ಲ. ಹಿಂದೆ ಮೂರು ಟನ್ ಕೂತರೆ ಮಳೆಗಾಲದ ಜೇಡಿಮಣ್ಣಿನ ಇಳುಕಲಲ್ಲಿ ಯಾರು ಯಾರನ್ನ ಕರ್ಕೊಂಡು ಹೋಗ್ತಾರೆ? ಚಕ್ರ ಕಚ್ಚಿ ನಿಂತ್ರೂ ಗಾಡಿ ಜಾರ್ತದೆ, ಟ್ರೇಲರ್ ಅಡ್ಡ ತಿರುಗಿ ತಳ್ತದೆ. ಒಂದು ಜಂಬಿಟ್ಟಿಗೆ ಕಲ್ಲು 30 ಕೆ.ಜಿ. ಮೇಲೇ ತೂಗ್ತದೆ, ನಾನು 40 ಕಲ್ಲಿಗೆ ನಿಲ್ಲಿಸ್ತೀನಿ. ತುಂಬೋರು "ಇನ್ನೊಂದು ಸಾಲು ಹಾಕ್ಲಾ ಅಕ್ಕಾ" ಅಂತ ಕೇಳೋದು ನಿಲ್ಲಲ್ಲ, ನಾನು ಹಾಕ್ಸಲ್ಲ. ಪೇರಿಸೋವಾಗ ಟ್ರೇಲರಿನ ಅಚ್ಚಿನ ಮುಂದೆ ಸ್ವಲ್ಪ ಭಾರ ಜಾಸ್ತಿ ಇರ್ಬೇಕು. ಹಿಂಬದಿಗೆ ತುಂಬಿದ್ರೆ ಹುಕ್ಕು ಮೇಲಕ್ಕೆತ್ತಿ ಟ್ರ್ಯಾಕ್ಟರಿನ ದೊಡ್ಡ ಚಕ್ರಗಳೇ ಹಗುರಾಗ್ತವೆ.

ಡೀಸೆಲ್ ಉಳಿತದೆ ಅಂತ ನ್ಯೂಟ್ರಲ್ಲಲ್ಲಿ ಇಳಿಸೋ ಡ್ರೈವರುಗಳನ್ನ ನಾನು ಸೀಟು ಹತ್ತಿಸಲ್ಲ. ಹತ್ತೋಕೆ ಯಾವ ಗೇರು ಬೇಕೋ ಇಳಿಯೋಕೂ ಅದೇ, ಅದನ್ನ ಇಳುಕಲಿನ ತಲೆಯಲ್ಲೇ ಹಾಕಿರ್ಬೇಕು. ನಡುವೆ ಕ್ಲಚ್ ಒತ್ತಿದ್ರೆ ಇಂಜಿನ್ನಿನ ಹಿಡಿತ ಹೋಯ್ತು. ಎಡ ಚಕ್ರದ್ದೊಂದು, ಬಲ ಚಕ್ರದ್ದೊಂದು, ಎರಡು ಬ್ರೇಕ್ ಪೆಡಲಿಗೂ ಸೇರಿಸಿ ಕೊಂಡಿ ಹಾಕಿರ್ಬೇಕು. ಗದ್ದೇಲಿ ತಿರುಗಿಸೋಕೆ ಬಿಚ್ಚಿದ್ದು ಹಾಗೇ ಇದ್ರೆ ಒಂದೇ ಚಕ್ರ ಹಿಡಿದು ಗಾಡಿ ರಸ್ತೆ ಪಕ್ಕದ ಧರೆಗೆ ತಿರುಗ್ತದೆ.

ದಿಮ್ಮಿ ಎಳೆಯೋವಾಗ ಸರಪಳಿಯನ್ನ ಹಿಂಬದಿ ಕೆಳಗಿರೋ ಡ್ರಾಬಾರಿಗೇ, ಅಂದ್ರೆ ಎಳೆಯೋ ಕಬ್ಬಿಣದ ಪಟ್ಟಿಗೇ ಹಾಕ್ಬೇಕು. ಅದಕ್ಕಿಂತ ಮೇಲಿರೋ ಟಾಪ್ ಲಿಂಕಿನ ಜಾಗಕ್ಕೆ ಕಟ್ಟಿ ಎಳೆದ್ರೆ ಮೂತಿ ಎದ್ದು ಗಾಡಿ ಹಿಂದಕ್ಕೇ ಮಗುಚ್ತದೆ. ನಮ್ಮ ಗಾಡಿಗೆ ತಲೆ ಕಾಯೋ ಕಂಬಿಯೂ ಇಲ್ಲ.

ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗ ಮುಚ್ಚೋಕೆ 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನ ಮಾಡಿತು. ಹಾಗಾಗಿ ಸ್ಪೇರಿಗೆ ಶಿವಮೊಗ್ಗದಲ್ಲಿ ಅಂಗಡಿಯಿಂದ ಅಂಗಡಿಗೆ ಅಲೀಬೇಕು. ಸ್ವಂತ ತೋಟದ ಕೆಲಸಕ್ಕೆ ಹಳೇದೊಂದು ಸಿಕ್ಕಿದ್ರೆ ಧೈರ್ಯವಾಗಿ ತಗೊಳ್ಳಿ. ಕಲ್ಲು, ಮರಳು ಬಾಡಿಗೆ ಹೊಡೆಯೋ ಆಲೋಚನೆ ಇದ್ರೆ ದೊಡ್ಡ ಟ್ರ್ಯಾಕ್ಟರನ್ನೇ ನೋಡಿ, ಬ್ರೇಕಿರೋ ಟ್ರೇಲರ್ ಸಮೇತ.